ಅಟ್ಟದ ಮೇಲಿನ ಬಾಣಂತಿ

ಯಗಟಿ
7 ಜೂನ್ 2025, ಶನಿವಾರ

ಗಗನಾ,

ನಿನ್ನ ಅತ್ತೆಯ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ. ನಾವೆಲ್ಲ ಅಂದರೆ ನಾನು, ನಿಮ್ಮ ಮಾವ, ಎರಡು ಹಸು, ಮತ್ತೆ ಕರೆಯದೆ ಬಂದು ಸೇರಿಕೊಂಡಿರುವವರು.

ದಿನಾ ಎರಡು ಹೊತ್ತು ಫೋನಿನಲ್ಲಿ ಮಾತಾಡುವ ಅತ್ತೆ ಈಗೇಕೆ ಕಾಗದ ಬರೆಯಲು ಕೂತಳು ಎಂದು ಗಾಬರಿಯಾಗಬೇಡ. ಈ ವಿಷಯ ಫೋನಿನಲ್ಲಿ ಹೇಳುವಂಥದ್ದಲ್ಲ. ಸ್ಪೀಕರ್ ಹಾಕದಿದ್ದರೆ ನನಗೆ ಕೇಳಿಸುವುದಿಲ್ಲ, ಹಾಕಿದರೆ ಅಟ್ಟದವರೆಗೂ ಕೇಳಿಸುತ್ತದೆ. ಅಟ್ಟದಲ್ಲೇ ಅವು ಇರುವುದು. ನೀನು ನಗುತ್ತೀಯ, ಗೊತ್ತು. ಹೋದ ವರ್ಷ ನಿಮ್ಮ ಮಾವ ಊಟಕ್ಕೆ ಕೂತು, "ನಾಳೆ ಕಡೂರಿಗೋಗಿ ಔಷ್ದಿ ತಂದು ಎಲ್ಲಾವ್ನೂ ಒಂದೇ ಸಲ ಮುಗಿಸ್ಬಿಡ್ತೀನಿ ನೋಡು" ಎಂದು ಗುಡುಗಿದ್ದರು. ಮಾರನೆಯ ದಿನ ಮದುವೆಗೆಂದು ಇಸ್ತ್ರಿ ಮಾಡಿಸಿಟ್ಟಿದ್ದ ಅವರ ಪಂಚೆ ಜರಡಿಯಾಗಿತ್ತು. ಅದೇ ಗೂಟದಲ್ಲಿದ್ದ ನನ್ನ ಸೀರೆಗೆ ಒಂದು ಹಲ್ಲೂ ತಾಕಿರಲಿಲ್ಲ. ಅಂದಿನಿಂದ ಈ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುವುದಿಲ್ಲ. ಇಲಿ. ನೋಡು, ಬರೆದೇಬಿಟ್ಟೆ. ಬರೆದದ್ದು ಅವಕ್ಕೆ ಕೇಳಿಸದು.

ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ ಕಾಯಿಗಳ ನಾರನ್ನೆಲ್ಲ ಎಳೆದು ಹಾಕಿವೆ. ರಾಗಿ ಚೀಲಕ್ಕೆ ಎರಡು ಕಡೆ ಬಾಗಿಲು ಇಟ್ಟುಕೊಂಡಿವೆ. ಬೇರೆ ಕಾಲವಾಗಿದ್ದರೆ ನಾನೇ ಪಾಷಾಣ ತರಿಸುತ್ತಿದ್ದೆ. ಆದರೆ ನೀನು ಬಸುರಿ. ಕೂಸು ಮಡಿಲಿಗೆ ಬರುವ ತನಕ ಈ ಮನೆಯವರ ಕೈಯಿಂದ ಒಂದು ಜೀವವೂ ಹೋಗಬಾರದು. ನಿನ್ನ ಗಂಡ ಧರ್ಮೇಶ ದೇವಸ್ಥಾನದಲ್ಲಿ ಕಾಯಿ ಒಡೆಯುವುದನ್ನೂ ಬಿಟ್ಟಿದ್ದಾನೆ. ನಿನಗೆ ಇದರಲ್ಲೆಲ್ಲ ನಂಬಿಕೆ ಇಲ್ಲದಿರಬಹುದು. ಎರಡು ಸಲ ಐದು ತಿಂಗಳು ತುಂಬುವ ಮೊದಲೇ ಕೈತಪ್ಪಿ ಹೋಯಿತಲ್ಲ, ಮೂರನೆಯ ಸಲ ಹಾಗಾಗಬಾರದು. ನನಗೆ ಗೊತ್ತಿರುವುದು ಅಷ್ಟೇ. ದೊಡ್ಡ ಆಸ್ಪತ್ರೆಗೆ ಹತ್ತಿರ ಇರಲಿ ಎಂದೇ ನಿನ್ನನ್ನು ಇಷ್ಟು ಬೇಗ ತವರಿಗೆ ಕಳಿಸಿದ್ದು.

ನಿಮ್ಮ ಮಾವನಿಗೆ ಇದನ್ನು ಬಿಡಿಸಿ ಹೇಳಿಲ್ಲ. ಮನೆಯಲ್ಲಿ ಹೇಳುವ ಹಾಗಿಲ್ಲ, ತೋಟಕ್ಕೆ ಹೋದಾಗ ಮರೆತುಹೋಗುತ್ತದೆ. ಸೊಸೆ ಬಸುರಿ ಎಂದ ಮೇಲೆ ಅವರಿಗೇ ತಿಳಿಯಬೇಡವೇ?

ನೀನು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಕೊಲ್ಲದೆ ಓಡಿಸುವ ಉಪಾಯವಿದ್ದರೆ ಬರೆದು ಗಂಡನ ಕೈಗೆ ಕೊಡು. ಬೀರೂರಿನಲ್ಲಿ ರೈಲ್ವೆ ಕೆಲಸ ಇಟ್ಟುಕೊಂಡು, ನಿನ್ನನ್ನು ನೋಡಲು ಬರುವಾಗ ನಮ್ಮ ಕಾಗದ ಸಾಗಿಸುವಷ್ಟೂ ಮಾಡದಿದ್ದರೆ ಅವನಿಂದ ಏನು ಪ್ರಯೋಜನ? ದಾರಿಯಲ್ಲಿ ಓದಕೂಡದು ಎಂದು ಆಣೆ ಹಾಕಿಸಿದ್ದೇನೆ.

ನಿನ್ನ ಅತ್ತೆ,
ಸುಲೋಚನಮ್ಮ


ತರೀಕೆರೆ
8 ಜೂನ್ 2025, ಭಾನುವಾರ

ಅತ್ತೆ,

ನಿಮಗೂ ಮಾವನಿಗೂ ನಮಸ್ಕಾರ. ಕರೆಯದೆ ಬಂದವರಿಗೂ ಒಂದು ನಮಸ್ಕಾರ.

ನಿಮ್ಮ ಕಾಗದ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗಬೇಡ ಎಂದು ಅಮ್ಮ ಬೈದಳು. ನಮಗೆ ಕೇಳಿಸದ ಎಷ್ಟೋ ಸದ್ದು ಇಲಿಗೆ ಕೇಳಿಸುತ್ತದೆ ಎಂಬುದು ನಿಜ. ಆದರೆ ಅದಕ್ಕೆ ಕನ್ನಡ ಬರುತ್ತದೆ ಎಂದು ನಮ್ಮ ಪಠ್ಯದಲ್ಲಿ ಎಲ್ಲೂ ಇಲ್ಲ. ಇರಲಿ, ಮಾವನ ಪಂಚೆಯ ವಿಷಯಕ್ಕೆ ನನ್ನಲ್ಲಿ ಉತ್ತರವಿಲ್ಲ, ಅದಕ್ಕೇ ನಾನೂ ಬರೆಯುತ್ತಿದ್ದೇನೆ.

ಮೊದಲು ಎಲ್ಲಿಂದ ಬರುತ್ತವೆ ನೋಡಿ. ಕಿರುಬೆರಳು ತೂರುವಷ್ಟು ತೂತಿದ್ದರೆ ಚಿಟ್ಟಿಲಿಗೆ ಅದು ಹೆಬ್ಬಾಗಿಲು. ಪಾತ್ರೆ ಉಜ್ಜುವ ಸ್ಟೀಲಿನ ನಾರನ್ನು ಅದರೊಳಗೆ ತುರುಕಿ ಮೇಲೆ ಸಿಮೆಂಟು ಮೆತ್ತಿಸಿ, ಅದನ್ನು ಕಡಿಯಲಾರವು. ರಾಗಿಯನ್ನು ತಗಡಿನ ಡ್ರಮ್ಮಿಗೆ ಸುರಿಯಿರಿ. ಸಂತೆಯಲ್ಲಿ ತಂತಿಯ ಬೋನು ಸಿಗುತ್ತದೆ. ಬಿದ್ದದ್ದನ್ನು ಊರಾಚೆ, ಕೆರೆ ದಾಟಿಸಿ ಬಿಡಬೇಕು. ಹಿತ್ತಲಲ್ಲಿ ಬಿಟ್ಟರೆ ನೀವು ಒಳಗೆ ಬರುವ ಮೊದಲೇ ಅದು ಬಂದಿರುತ್ತದೆ.

ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಬೀದಿಯ ಕೊನೆಯವರೆಗೆ ನಡೆದು ಬರುತ್ತೇನೆ. ಅಮ್ಮ ತಿನ್ನಿಸುತ್ತಲೇ ಇದ್ದಾಳೆ. ಈ ಪೆನ್ನು ಮಾತ್ರ ಎರಡು ಸಾಲಿಗೊಮ್ಮೆ ನಿಂತುಹೋಗುತ್ತದೆ, ಅಕ್ಷರ ಹರಕುಮುರುಕಾಗಿದ್ದರೆ ಬೈಯಬೇಡಿ.

ನೀವು ಯಾವಾಗ ಬರುತ್ತೀರಿ? ಅಮ್ಮ ಕೇಳುತ್ತಿದ್ದಳು. ನಾನೂ ಕೇಳುತ್ತಿದ್ದೇನೆ.

ನಿಮ್ಮ
ಗಗನಾ


ಯಗಟಿ
21 ಜೂನ್ 2025, ಶನಿವಾರ

ಗಗನಾ,

ನೀನು ಹೇಳಿದ ಬೋನು ಬಂತು. ನಾನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ, ನಿಮ್ಮ ಮಾವ ತಂದರು. ಅದರೊಳಗೆ ಸುಟ್ಟ ಕೊಬ್ಬರಿ ಸಿಕ್ಕಿಸಿದೆ. ಮೊದಲು ಬಿದ್ದದ್ದು ನಿಮ್ಮ ಮಾವನ ಹೆಬ್ಬೆರಳು. ಬೋನು ಸರಿಯಾಗಿದೆಯಾ ಎಂದು ನೋಡಲು ಹೋಗಿದ್ದರಂತೆ. ಆಮೇಲೆ ಪಕ್ಕದ ಮನೆ ಯಶೋದಳ ಬೆಕ್ಕಿನ ಮರಿ ತಲೆ ತೂರಿಸಿಕೊಂಡು ಕೂತಿತ್ತು. "ಏನ್ ಸುಲೋಚನಕ್ಕ, ನನ್ ಬೆಕ್ಕು ನಿಮ್ಗೆ ಏನ್ ಮಾಡ್ತು?" ಎಂದು ಕೇಳಿದಳು. ಕಾರಣ ಹೇಳುವ ಹಾಗಿಲ್ಲವಲ್ಲ, ನಾನು ಸುಮ್ಮನೆ ನಕ್ಕೆ. ಈಗ ಅವಳು ನನ್ನನ್ನು ಒಂದು ಥರ ನೋಡುತ್ತಾಳೆ.

ಮೊನ್ನೆ ಬೆಳಿಗ್ಗೆ ನಿಜವಾಗಿ ಬಿದ್ದಿತ್ತು. ನಿಮ್ಮ ಮಾವ ತೋಟದಲ್ಲಿದ್ದರು. ನಾನೇ ಬೋನು ಎತ್ತಿಕೊಂಡು ಕೆರೆಯ ಕಡೆ ಹೊರಟೆ. ಹಿತ್ತಲ ಬಾಗಿಲಲ್ಲಿ ಬಿಸಿಲು ಬಿದ್ದಾಗ ನೋಡಿದೆ. ಅದರ ಹೊಟ್ಟೆ ಎರಡೂ ಪಕ್ಕಕ್ಕೆ ಉಬ್ಬಿತ್ತು. ಓಡಲೂ ಇಲ್ಲ, ತಂತಿ ಕಡಿಯಲೂ ಇಲ್ಲ, ಮೂಲೆಗೆ ಒತ್ತಿಕೊಂಡು ಏದುಸಿರು ಬಿಡುತ್ತಿತ್ತು. ದಿನ ತುಂಬಿದ ಬಸುರಿಯನ್ನು ಕೆರೆಯಾಚೆ ಹದ್ದು ಕಾಗೆಗಳ ನಡುವೆ ಬಿಟ್ಟು ಬರುವುದೇ? ನನ್ನ ಕಾಲು ಮುಂದಕ್ಕೆ ಬರಲಿಲ್ಲ ಕಣೇ. ಅಲ್ಲೇ ಕೂತು ಬೋನಿನ ಬಾಗಿಲು ತೆಗೆದೆ. ಅದು ನನ್ನ ಮುಂದೆಯೇ ಗೋಡೆ ಹತ್ತಿ ಅಟ್ಟಕ್ಕೆ ಹೋಯಿತು, ತವರಿಗೆ ಹೋಗುವಂತೆ. ನಿನ್ನ ಉಪಾಯವನ್ನೆಲ್ಲ ನೀರಿಗೆ ಹಾಕಿದೆ ಎಂದು ಬೈಯಬೇಡ.

ನಿನಗೊಂದು ಒಳ್ಳೆಯ ಪೆನ್ನು ಧರ್ಮೇಶನ ಕೈಯಲ್ಲಿ ಕಳಿಸಿದ್ದೇನೆ. ಅದು ನಿಲ್ಲುವುದಿಲ್ಲ ಎಂದು ಅಂಗಡಿಯವನು ಹೇಳಿದ. ನಡೆಯುವುದನ್ನು ಮಾತ್ರ ಬಿಡಬೇಡ. ಧರ್ಮೇಶ ಹೊಟ್ಟೆಯಲ್ಲಿದ್ದಾಗ ನಾನು ಕೊನೆಯ ದಿನದವರೆಗೂ ಬಾವಿಯಿಂದ ನೀರು ಹೊತ್ತೆ.

ಬರುವುದಕ್ಕೆ ಆಗುತ್ತಿಲ್ಲ. ತೋಟದಲ್ಲಿ ಕಾಯಿ ಕೆಡವಿಸುತ್ತಿದ್ದೇವೆ, ಹಸುವೂ ಗಬ್ಬವಾಗಿದೆ. ನೋಡೋಣ.

ನಿನ್ನ ಅತ್ತೆ


ತರೀಕೆರೆ
22 ಜೂನ್ 2025, ಭಾನುವಾರ

ಅತ್ತೆ,

ಬೈಯುವುದಿಲ್ಲ. ನೀವು ಬಾಗಿಲು ತೆಗೆದದ್ದನ್ನು ಓದಿ ಅಳು ಬಂತು. ಈಗೀಗ ಎಲ್ಲದಕ್ಕೂ ಅಳು ಬರುತ್ತದೆ, ಟಿವಿಯಲ್ಲಿ ಸೋಪಿನ ಜಾಹೀರಾತು ನೋಡಿದರೂ.

ಅದರ ಹೊಟ್ಟೆ ಅಷ್ಟು ಉಬ್ಬಿದ್ದರೆ ಇನ್ನು ಒಂದು ವಾರವೂ ಇಲ್ಲ. ದಯವಿಟ್ಟು ಅಟ್ಟದ ಮೇಲೆ ಏನನ್ನೂ ಎಳೆದಾಡಬೇಡಿ. ಹೆರುವ ಹೊತ್ತಿಗೆ ಹೆದರಿದರೆ ಅದು ಮರಿಗಳನ್ನು ಸಾಕುವುದಿಲ್ಲ. ಮಲಗಿದ ಕಡೆ ಮಲಗಿರಲು ಬಿಡಬೇಕು. ಸ್ವಲ್ಪ ರಾಗಿ ಹೋದರೆ ಹೋಗಲಿ. ಬೋನನ್ನು ಸದ್ಯಕ್ಕೆ ಒಳಗಿಡಿ.

ಹೆತ್ತ ಮೇಲೆ ಬರೆಯಿರಿ. ಮರಿಗಳೆಲ್ಲ ಉಳಿದವಾ ಎಂದು ಬರೆಯಿರಿ.

ಪೆನ್ನಿಗೆ ಥ್ಯಾಂಕ್ಸ್. ಚೆನ್ನಾಗಿದೆ.

ಗಗನಾ


ಯಗಟಿ
5 ಜುಲೈ 2025, ಶನಿವಾರ

ಗಗನಾ,

ಹೆಣ್ಣುಮಗಳು ಹೆತ್ತಿದ್ದಾಳೆ. ಅಟ್ಟದ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ ಇದೆಯಲ್ಲ, ಅದರ ಹಿಂದಿನ ಹಲಗೆ ಕೊರೆದು ಒಳಗೆ ಸೇರಿಕೊಂಡಿದ್ದಾಳೆ. ಏಣಿ ಹತ್ತಿ ನಾಲ್ಕು ಮೆಟ್ಟಿಲಲ್ಲೇ ನಿಂತು ಕಿವಿಗೊಟ್ಟೆ. ನನ್ನ ಕಿವಿಗೂ ಕೇಳಿಸಿತು ಅಂದರೆ ನೋಡು, ಚಿಂವ್ ಚಿಂವ್ ಎಂದು ಸಣ್ಣ ದನಿ. ಪೆಟ್ಟಿಗೆಯೊಳಗೆ ಇರುವುದು ಹಳೆಯ ಬಟ್ಟೆ. ಬೆಚ್ಚಗಿರುತ್ತದೆ.

ಬಾಣಂತಿಗೆಂದು ಏಣಿಯ ಬುಡದಲ್ಲಿ ಒಂದು ಹಿಡಿ ಹುರಿಗಡಲೆ ಇಡುತ್ತಿದ್ದೇನೆ. ನಿಮ್ಮ ಮಾವ ನೋಡಿ, "ಇದ್ಯಾಕೆ ಇಲ್ಲಿಟ್ಟಿದ್ದೀಯ?" ಎಂದು ಕೇಳಿದರು. ಬಾಯಿಗೆ ಬೆರಳಿಟ್ಟು ಸುಮ್ಮನಿರಿ ಎಂದೆ. ತಲೆ ಆಡಿಸಿ ಹೋದರು.

ಫೋನಿನಲ್ಲಿ ನಿನ್ನ ದನಿ ಸಣ್ಣಗಾಗಿದೆ. ಊಟ ಸೇರುತ್ತಿಲ್ಲವೇ? ನಿನ್ನ ಅಮ್ಮನ ಅಡುಗೆಗೆ ಹೆಸರಿಡುತ್ತಿಲ್ಲ ಮತ್ತೆ. ನಮ್ಮ ಮನೆಯ ಮಜ್ಜಿಗೆ ಮೆಣಸಿನಕಾಯಿ ಕಳಿಸಿದ್ದೇನೆ. ಒಂದೆರಡು ನಂಚಿಕೊ, ಹೆಚ್ಚು ಬೇಡ.

ಅತ್ತೆ


ತರೀಕೆರೆ
6 ಜುಲೈ 2025, ಭಾನುವಾರ

ಅತ್ತೆ,

ಎಷ್ಟು ಸಮಾಧಾನವಾಯಿತು ಎಂದು ಹೇಳಲಾರೆ. ಕಾಗದ ಓದಿ ಇವರಿಗೆ "ಹೆತ್ತಳಂತೆ" ಎಂದೆ. ಯಾರು ಎಂದು ಗಾಬರಿಯಿಂದ ನೋಡಿದರು. ಹೇಳಲಿಲ್ಲ. ನಮ್ಮಿಬ್ಬರ ಗುಟ್ಟು ಇದು.

ಮಲಗಿದ್ದಾಗೆಲ್ಲ ಅದರ ನೆನಪು. ನಾನು ಇಲ್ಲಿ, ಅದು ಅಲ್ಲಿ. ಅದು ಮಾಡಿ ತೋರಿಸಿತು, ಅಲ್ಲವಾ? ಹತ್ತನೇ ತರಗತಿಗೆ ಜೀವಶಾಸ್ತ್ರ ಹೇಳಿಕೊಡುವವಳು ಹೀಗೆ ಬರೆಯಬಾರದು. ಆದರೂ ಬರೆದೆ. ಅವು ಕಣ್ಣು ಬಿಡುವ ತನಕ ಅಟ್ಟಕ್ಕೆ ಯಾರನ್ನೂ ಬಿಡಬೇಡಿ. ಪ್ರತಿ ಶನಿವಾರ ಬರೆಯಿರಿ, ಎರಡೇ ಸಾಲಾದರೂ ಸಾಕು.

ಊಟ ಸೇರುತ್ತದೆ. ದನಿಗೇನೂ ಆಗಿಲ್ಲ. ಬರುವ ವಾರವಾದರೂ ಬನ್ನಿ ಅತ್ತೆ.

ಗಗನಾ


ತರೀಕೆರೆ
27 ಜುಲೈ 2025, ಭಾನುವಾರ

ಅತ್ತೆ,

ಮೂರು ವಾರದಿಂದ ನಿಮ್ಮ ಕಾಗದ ಇಲ್ಲ. ಫೋನಿನಲ್ಲಿ ಎಲ್ಲಾ ಚೆನ್ನಾಗಿದೆ ಎನ್ನುತ್ತೀರಿ. ಅಟ್ಟದ ಮೇಲಿನವರು ಹೇಗಿದ್ದಾರೆ ಎಂದು ಸುತ್ತಿಬಳಸಿ ಕೇಳಿದರೆ ಹಾಲು ಉಕ್ಕುತ್ತಿದೆ ಎಂದು ಇಟ್ಟುಬಿಡುತ್ತೀರಿ. ಇವರು ಬರಿಗೈಯಲ್ಲಿ ಬಂದು ನೆಲ ನೋಡುತ್ತಾರೆ. ಏನೋ ಆಗಿದೆ.

ಏನಾಗಿರಬಹುದು ಎಂದು ನನಗೇ ಹೊಳೆದದ್ದನ್ನು ಬರೆಯುತ್ತೇನೆ. ನಿಮಗೆ ನಿಜ ಗೊತ್ತಾಗಿದೆ. ನಾನು ಬೀದಿಯ ಕೊನೆಯವರೆಗೆ ನಡೆಯುತ್ತಿಲ್ಲ. ಜೂನ್ ಮೊದಲ ವಾರ ಸ್ವಲ್ಪ ರಕ್ತ ಕಾಣಿಸಿಕೊಂಡಿತು. ಡಾಕ್ಟರಮ್ಮ ಗರ್ಭದ ಬಾಯಿಗೆ ಹೊಲಿಗೆ ಹಾಕಿ, ಹಾಸಿಗೆ ಬಿಟ್ಟು ಏಳಕೂಡದು ಎಂದರು. ಅಂದಿನಿಂದ ಮಲಗಿಯೇ ಇದ್ದೇನೆ. ಪೆನ್ನು ಕೆಟ್ಟಿರಲಿಲ್ಲ ಅತ್ತೆ. ಅಂಗಾತ ಮಲಗಿ ಕಾಗದವನ್ನು ಮೇಲೆ ಹಿಡಿದು ಬರೆದರೆ ಯಾವ ಪೆನ್ನಿನ ಶಾಯಿಯೂ ಇಳಿಯುವುದಿಲ್ಲ. ನೀವು ಕಳಿಸಿದ್ದೂ ನಿಲ್ಲುತ್ತದೆ. ಒದರಿ ಒದರಿ ಬರೆಯುತ್ತಿದ್ದೇನೆ. ನಿಮಗೆ ಹೇಳಬೇಡಿ ಎಂದು ಇವರಿಂದ ಮಾತು ತೆಗೆದುಕೊಂಡವಳು ನಾನೇ, ಅವರನ್ನು ಬೈಯಬೇಡಿ. ಎರಡು ಸಲ ನಿಮ್ಮ ಮುಖ ನೋಡಿದ್ದೇನೆ. ಮೂರನೆಯ ಸಲಕ್ಕೆ ನಿಮ್ಮನ್ನು ಮೊದಲೇ ಹೆದರಿಸಲು ಮನಸ್ಸು ಬರಲಿಲ್ಲ.

ಆದರೆ ನೀವು ಒಂದು ಸಲವೂ ಬಂದು ನನ್ನನ್ನು ನೋಡಲಿಲ್ಲ. ಕಾಯಿ ಕೆಡವುವ ಕೆಲಸ ಎರಡು ತಿಂಗಳು ಇರುತ್ತದೆಯೇ? ಇವಳಿಂದ ಆಗುವುದಿಲ್ಲ ಎಂದು ನಿಮಗೆ ಬೇಸರ ಬಂದಿದ್ದರೆ ಅದನ್ನೇ ಬರೆಯಿರಿ. ನನಗೆ ಕೋಪವಿಲ್ಲ, ಭಯವಿದೆ. ನೀವು ಬರೆಯುತ್ತಿದ್ದಾಗ ಆ ಭಯ ಕಡಿಮೆ ಇತ್ತು.

ಗಗನಾ


ಯಗಟಿ
28 ಜುಲೈ 2025, ಸೋಮವಾರ

ನನ್ನ ಮಗಳೇ,

ಧರ್ಮೇಶ ರಜೆ ಹಾಕಿ ನಿನ್ನ ಕಾಗದ ತಂದು ಕೊಟ್ಟ, ಈಗ ನಾನು ಬರೆದು ಮುಗಿಸಲಿ ಎಂದು ಜಗಲಿಯ ಮೇಲೆ ಕಾದು ಕೂತಿದ್ದಾನೆ. ಅವನನ್ನು ಬೈಯಲಿಲ್ಲ. ಹೊಲಿಗೆಯ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ನಡಿ ನಡಿ ಎಂದು ಬರೆದೆನಲ್ಲ, ನನ್ನ ಕೈಗೆ ಏನು ಬಡಿದಿತ್ತು! ಅಂಗಾತ ಮಲಗಿ ಬರೆಯುವವಳಿಗೆ ಪೆನ್ನು ಕಳಿಸಿ ದೊಡ್ಡ ಕೆಲಸ ಮಾಡಿದೆ ಎಂದುಕೊಂಡಿದ್ದೆ.

ನಾನು ಬರೆಯದೆ ಇದ್ದದ್ದು ಬೇರೆ ಕಾರಣಕ್ಕೆ. ಅಟ್ಟದ ಬಾಣಂತಿ ಹೋಗಿಬಿಟ್ಟಳು. ಮರಿಗಳಿಗೆ ಇನ್ನೂ ಕಣ್ಣು ಬಂದಿರಲಿಲ್ಲ. ಹಿಂದಿನ ಕಾಗದ ಬರೆದ ವಾರವೇ ಒಂದು ಬೆಳಿಗ್ಗೆ ಬಚ್ಚಲ ಹಂಡೆಯ ಪಕ್ಕ ಬಿದ್ದಿದ್ದಳು. ನೀರು ಹುಡುಕಿಕೊಂಡು ಬಂದಿರಬೇಕು. ಪಾಷಾಣ ತಿಂದದ್ದು ಎಂದು ನೋಡಿದರೇ ಗೊತ್ತಾಗುತ್ತಿತ್ತು.

ತಂದಿಟ್ಟವರು ನಿಮ್ಮ ಮಾವ. ಆಶಾ ಕಾರ್ಯಕರ್ತೆ ಸುಮನಾ ಬೀದಿಯಲ್ಲಿ ಇಲಿ ಜ್ವರದ ಬಗ್ಗೆ ಹೇಳಿ ಹೋಗಿದ್ದಳಂತೆ. ಬಾಣಂತಿ, ಎಳೆಗೂಸು ಇರುವ ಮನೆಯಲ್ಲಿ ಇಲಿ ಓಡಾಡಬಾರದು ಅಂದಿದ್ದಳಂತೆ. ಸೊಸೆ ಕೂಸನ್ನು ಎತ್ತಿಕೊಂಡು ಬರುವ ಹೊತ್ತಿಗೆ ಮನೆ ಚೊಕ್ಕಟವಾಗಿರಲಿ ಎಂದು ಒಬ್ಬರೇ ಕಡೂರಿಗೆ ಹೋಗಿ ತಂದಿದ್ದಾರೆ. ನನಗೂ ಒಂದು ಮಾತು ಹೇಳಲಿಲ್ಲ. ಮನೆಯಲ್ಲಿ ಹೆಸರೆತ್ತಬಾರದು ಎಂದು ಕಟ್ಟು ಮಾಡಿದವಳು ನಾನೇ ತಾನೇ? ನಾನು ಹೇಳಲಿಲ್ಲ, ಅವರು ಹೇಳಲಿಲ್ಲ. ನಾನು ಬಾಯಿಗೆ ಬೆರಳಿಟ್ಟು ಹುರಿಗಡಲೆ ತೋರಿಸಿದಾಗ, ಪಾಷಾಣ ತಿನ್ನಿಸಲು ರುಚಿ ಹತ್ತಿಸುತ್ತಿದ್ದೇನೆ ಎಂದುಕೊಂಡರಂತೆ.

ಅವರನ್ನು ತೋಟಕ್ಕೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ನೀನು ಮರಿಗಳ ಬಗ್ಗೆ ಕೇಳುತ್ತಿದ್ದದ್ದನ್ನೂ ಹೇಳಿದೆ. ತೆಂಗಿನ ಬುಡದಲ್ಲಿ ಕುಸಿದು ಕೂತರು. "ನಂಗೊಂದ್ ಮಾತು ಹೇಳ್ಬಾರ್ದಿತ್ತೇನೇ? ನಾನೇನ್ ರಾಕ್ಷಸನಾ?" ಎಂದರು. ಧರ್ಮೇಶ ಹುಟ್ಟಿದ ಮೇಲೆ ಅವರ ಕಣ್ಣಲ್ಲಿ ನೀರು ನೋಡಿದ್ದು ಅದು ಮೂರನೆಯ ಸಲ. ಮೊದಲೆರಡು ಸಲ ಯಾವಾಗ ಎಂದು ನಿನಗೆ ಗೊತ್ತು.

ಮನೆಗೆ ಬಂದವರೇ ಏಣಿ ಹತ್ತಿ ಪೆಟ್ಟಿಗೆಯಿಂದ ಮರಿಗಳನ್ನು ಕೆಳಗೆ ಇಳಿಸಿದರು. ತೆಂಗಿನ ಚಿಪ್ಪಿನಲ್ಲಿ ಹತ್ತಿ ಹಾಸಿ ಒಲೆಯ ಪಕ್ಕ ಇಟ್ಟು, ಹಾಲಿಗೆ ನೀರು ಬೆರೆಸಿ ಹತ್ತಿಯ ಬತ್ತಿಯಲ್ಲಿ ಅದ್ದಿ ಬಾಯಿಗೆ ಹಿಡಿದರು. ಹಸು ಕರೆಯುವ ಅಷ್ಟು ದಪ್ಪ ಬೆರಳು, ಕಡಲೆಯಷ್ಟು ಬಾಯಿ. ನಾನು ದೂರದಲ್ಲಿ ನಿಂತು ಹೇಳಿಕೊಟ್ಟೆ, ಮುಟ್ಟಲಿಲ್ಲ. ಎಲ್ಲವೂ ಉಳಿಯಲಿಲ್ಲ ಗಗನಾ. ಉಳಿದವು ಕಣ್ಣು ಬಿಟ್ಟವು, ರಾಗಿ ಕಡಿಯುವುದನ್ನು ಕಲಿತವು. ಮೊನ್ನೆ ಅವನ್ನು ತೋಟದ ಬದುವಿನಲ್ಲಿ ಬಿಟ್ಟು ಬಂದರು.

ನೀನು ಉಳಿದವಾ ಎಂದು ಕೇಳಿದ್ದೆ. ಕೆಲವು ಹೋದವು ಎಂದು ಬರೆಯಲು ಕೈ ಬರಲಿಲ್ಲ, ಸುಳ್ಳು ಬರೆಯಲೂ ಬರಲಿಲ್ಲ. ಅದಕ್ಕೇ ಸುಮ್ಮನಿದ್ದೆ. ಈಗ ಕೇಳು. ಬಸುರಿಯ ಮನೆಯಲ್ಲಿ ಜೀವ ಹೋಗಬಾರದು ಎಂದು ನಿನಗೆ ಬರೆದವಳು ನಾನು. ಆ ಮಾತನ್ನು ನಾನೇ ವಾಪಸು ತೆಗೆದುಕೊಳ್ಳುತ್ತೇನೆ. ಆ ಇಲಿ ಬೇರೆ, ನೀನು ಬೇರೆ. ನಿನ್ನ ಹೊಟ್ಟೆಗೂ ಅದಕ್ಕೂ ಸಂಬಂಧವೇ ಇಲ್ಲ. ದೇವರ ಮುಂದೆ ದೀಪ ಹಚ್ಚಿ ಇದನ್ನು ಗಟ್ಟಿಯಾಗಿ ಹೇಳಿದೆ, ಮನೆಯಲ್ಲಿ ಯಾರಿಗೆ ಕೇಳಿಸಿದರೂ ಕೇಳಿಸಲಿ ಎಂದು.

ನಿನ್ನ ಮೇಲೆ ಬೇಸರವೇ? ಹುಚ್ಚಿ.

ಅತ್ತೆ


ತರೀಕೆರೆ
3 ಆಗಸ್ಟ್ 2025, ಭಾನುವಾರ

ಅತ್ತೆ,

ನಿಮ್ಮ ಕಾಗದವನ್ನು ಒಂದು ವಾರ ದಿಂಬಿನ ಕೆಳಗೇ ಇಟ್ಟುಕೊಂಡಿದ್ದೆ. ಅದು ಸತ್ತಿತು ಎಂದು ಓದಿದಾಗ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಒಳಗಿನಿಂದ ಒಂದು ಒದೆ ಬಿತ್ತು. ಗಟ್ಟಿಯಾಗಿಯೇ ಬಿತ್ತು. ಆಮೇಲೆ ಅತ್ತುಬಿಟ್ಟೆ.

ಸಂಬಂಧವಿಲ್ಲ ಎಂದು ನಾನು ನಿಮಗೆ ಹೇಳಬೇಕಿತ್ತು, ನೀವು ನನಗೆ ಹೇಳಿದಿರಿ. ಓದಿದವಳು ನಾನು. ಆದರೆ ಮಲಗಿ ಮಲಗಿ ಸೂರು ನೋಡುತ್ತಿದ್ದರೆ ಓದಿದ್ದು ಯಾವುದೂ ಸಹಾಯಕ್ಕೆ ಬರುವುದಿಲ್ಲ. ಆ ಇಲಿ ನನ್ನ ಪಾಲಿನ ಪರೀಕ್ಷೆ ಬರೆಯುತ್ತಿದೆ ಎಂದು ನಂಬಿಬಿಟ್ಟಿದ್ದೆ. ಮಾವನಿಗೆ ಹೇಳಿ, ನನಗೆ ಅವರ ಮೇಲೆ ಸಿಟ್ಟಿಲ್ಲ. ಬತ್ತಿ ಹಿಡಿದ ಅವರ ಬೆರಳನ್ನು ನೆನೆಸಿಕೊಂಡರೆ ನಗು ಬರುತ್ತದೆ, ಅಳುವೂ ಬರುತ್ತದೆ.

ಒಂದು ಮಾತು ಮಾತ್ರ ಅರ್ಥವಾಗಲಿಲ್ಲ. ಹಸುವಿನ ಕರುವನ್ನು ಹೊರಗೆಳೆದವರು ನೀವು. ಹೆದರುವವರಲ್ಲ, ಅಸಹ್ಯಪಡುವವರಲ್ಲ. ಮರಿಗಳನ್ನು ನೀವು ಯಾಕೆ ಮುಟ್ಟಲಿಲ್ಲ? ಬೇಸರವಿಲ್ಲ ಎನ್ನುತ್ತೀರಿ, ಮತ್ತೆ ಯಾಕೆ ಬರುತ್ತಿಲ್ಲ? ಎರಡಕ್ಕೂ ಉತ್ತರ ಬರೆಯಿರಿ.

ಗಗನಾ


ಯಗಟಿ
9 ಆಗಸ್ಟ್ 2025, ಶನಿವಾರ

ಗಗನಾ,

ನೀನು ಕೇಳಿದ ಎರಡು ಪ್ರಶ್ನೆಗೂ ಉತ್ತರ ಒಂದೇ.

ಧರ್ಮೇಶನಿಗಿಂತ ಮೊದಲು ನನಗೊಂದು ಹೆಣ್ಣುಕೂಸು ಹುಟ್ಟಿತ್ತು. ಹನ್ನೊಂದನೆಯ ದಿನ ಹೋಯಿತು. ಇದು ಧರ್ಮೇಶನಿಗೂ ಗೊತ್ತಿಲ್ಲ. ನೀನು ಮೊದಲ ಸಲ ಬಸುರಿಯಾದಾಗ ನಾನು ಹಿಗ್ಗಿ ಅಟ್ಟದಿಂದ ತೊಟ್ಟಿಲು ಇಳಿಸಿ ಎಣ್ಣೆ ಹಚ್ಚಿದೆ. ನನ್ನ ಮೆತ್ತನೆಯ ಹಳೆಯ ಸೀರೆಗಳನ್ನೆಲ್ಲ ಒಗೆದು, ಕೂಸಿನ ಬಟ್ಟೆಗೆಂದು ಪೆಟ್ಟಿಗೆಯಲ್ಲಿ ಜೋಡಿಸಿದೆ. ಹುಟ್ಟುವ ಮೊದಲು ಹಾಗೆ ಮಾಡಬಾರದು, ತಡೆಯಲಾಗಲಿಲ್ಲ. ಎರಡನೆಯ ಸಲ ಅಂತರಘಟ್ಟೆ ಅಮ್ಮನ ಗುಡಿಯಿಂದ ಮಡಿಲಕ್ಕಿ ತಂದು ನಾನೇ ನಿನ್ನ ಸೆರಗಿಗೆ ಕಟ್ಟಿದೆ. ಅದಾದ ಮೇಲೆ ಒಂದು ಮದುವೆಯಲ್ಲಿ ನಮ್ಮ ದೊಡ್ಡತ್ತೆ ಕರಿಯಮ್ಮ ಎಲ್ಲರ ಮುಂದೆ, "ಸುಲೋಚ್ನನ ಕೈ ತಾಕಿದ್ ಕೂಸು ಎಲ್ ನಿಂತೈತೆ?" ಎಂದುಬಿಟ್ಟರು. ಎಲೆಯ ಮುಂದೆ ಕೂತಿದ್ದೆ. ಹಾಗೇ ಎಲೆ ಮಡಿಸಿ ಎದ್ದೆ.

ಅದಕ್ಕೇ ಈ ಸಲ ನನ್ನ ಕೈ ನಿನ್ನ ಹತ್ತಿರಕ್ಕೂ ಸುಳಿಯಬಾರದು ಎಂದುಕೊಂಡೆ. ಫೋನಿನಲ್ಲಿ ಮಾತಾಡಿದರೆ ಕೈ ತಾಗುವುದಿಲ್ಲವಲ್ಲ. ನಿನ್ನನ್ನು ನೋಡದೆ ಇರಲೂ ಆಗಲಿಲ್ಲ. ಎರಡು ಸಲ ಬೀರೂರಿನವರೆಗೆ ಬಂದು, ತರೀಕೆರೆಯ ರೈಲು ಹೋಗುವುದನ್ನು ನೋಡಿ ವಾಪಸು ಬಂದಿದ್ದೇನೆ. ಧರ್ಮೇಶ ನೆಲ ನೋಡುತ್ತಿದ್ದನಲ್ಲ, ಅವನು ನನ್ನನ್ನು ಪ್ಲಾಟ್‌ಫಾರಮ್ಮಿನಲ್ಲಿ ಕಂಡಿದ್ದ. ನಿನಗೆ ಹೇಳಬೇಡ ಎಂದಿದ್ದೆ. ಪಾಪ, ಅವನ ಬಾಯಿಗೆ ನಾವಿಬ್ಬರೂ ಬೀಗ ಹಾಕಿದ್ದೆವು.

ಆ ಪೆಟ್ಟಿಗೆಯ ಸೀರೆಗಳನ್ನು ನಾನು ಬಿಸಾಡಲೂ ಇಲ್ಲ, ತೆಗೆದು ನೋಡಲೂ ಇಲ್ಲ. ಇಲಿ ಅದರಲ್ಲೇ ಹೆತ್ತದ್ದು. ಯಾವುದೋ ಒಂದು ತಾಯಿಗಾದರೂ ಉಪಯೋಗಕ್ಕೆ ಬಂತಲ್ಲ ಎಂದು ಸಂತೋಷಪಟ್ಟಿದ್ದೆ. ಆಮೇಲೆ ಅದೂ ಹೋಯಿತು. ಇನ್ನು ಆ ಮರಿಗಳನ್ನು ನಾನು ಹೇಗೆ ಮುಟ್ಟಲಿ?

ಇಲಿಯ ಮಾತನ್ನು ವಾಪಸು ತೆಗೆದುಕೊಂಡ ಹಾಗೆ ಇದನ್ನು ತೆಗೆದುಕೊಳ್ಳಲು ನನ್ನಿಂದ ಆಗುತ್ತಿಲ್ಲ. ಇದು ನನ್ನ ಮೈಗೇ ಅಂಟಿಕೊಂಡಿದೆ.

ಅತ್ತೆ


ತರೀಕೆರೆ
10 ಆಗಸ್ಟ್ 2025, ಭಾನುವಾರ

ಅತ್ತೆ,

ಹೆಚ್ಚು ಬರೆಯುವುದಿಲ್ಲ, ಇವರು ಚಪ್ಪಲಿ ಮೆಟ್ಟಿ ನಿಂತಿದ್ದಾರೆ.

ಎರಡು ಸಲವೂ ಆಸ್ಪತ್ರೆಯಿಂದ ಬಂದ ಮೇಲೆ ನನ್ನನ್ನು ಮೀಯಿಸಿದ್ದು ಯಾರು? ತಲೆಗೆ ಎಣ್ಣೆ ಹಾಕಿದ್ದು ಯಾರು? ಊಟ ಬೇಡ ಎಂದಾಗ ತುತ್ತು ಮಾಡಿ ಬಾಯಿಗಿಟ್ಟದ್ದು ಯಾರ ಕೈ? ನಾನು ಉಳಿದದ್ದು ಆ ಕೈಯಿಂದ. ಕರಿಯಮ್ಮಜ್ಜಿಗೆ ಇದು ಗೊತ್ತಿಲ್ಲ, ನನಗೆ ಗೊತ್ತು.

ನಾಳೆಯೇ ಇವರ ಜೊತೆ ಬನ್ನಿ. ಬೀರೂರಿನಲ್ಲಿ ನಿಲ್ಲಬೇಡಿ. ನನ್ನ ಬೆನ್ನೆಲ್ಲ ನೋಯುತ್ತಿದೆ, ಅಮ್ಮನಿಗೆ ನೀವಲು ಬರುವುದಿಲ್ಲ.

ಗಗನಾ


ಯಗಟಿ
25 ಅಕ್ಟೋಬರ್ 2025, ಶನಿವಾರ

ಗಗನಾ,

ಎರಡು ತಿಂಗಳು ನಿನ್ನ ಹಾಸಿಗೆಯ ಪಕ್ಕ ಇದ್ದು ಬಂದವಳು ಊರಿಗೆ ಬಂದ ನಾಲ್ಕನೆಯ ದಿನಕ್ಕೇ ಕಾಗದ ಬರೆಯುತ್ತಿದ್ದೇನೆ. ಈ ಸಲ ಇಲಿಗೆ ಕೇಳಿಸುತ್ತದೆ ಎಂದಲ್ಲ. ಫೋನಿನಲ್ಲಿ ಹೇಳಲು ಹೋದರೆ ಅತ್ತುಬಿಡುತ್ತೇನೆ, ನಿಮ್ಮ ಮಾವ ಏನಾಯ್ತು ಏನಾಯ್ತು ಎಂದು ಓಡಿ ಬರುತ್ತಾರೆ.

ಮನೆ ಚೊಕ್ಕಟವಾಗಿದೆ. ನೀನು ಜೂನ್‌ನಲ್ಲಿ ಬರೆದ ಉಪಾಯವನ್ನು ನಿಮ್ಮ ಮಾವ ಈಗ ಒಂದೊಂದಾಗಿ ಮಾಡಿದ್ದಾರೆ. ತೂತುಗಳಿಗೆ ಸ್ಟೀಲಿನ ನಾರು ತುರುಕಿ ಸಿಮೆಂಟು ಮೆತ್ತಿದ್ದಾರೆ, ಮೂರು ಡ್ರಮ್ಮು ತಂದಿದ್ದಾರೆ. ಈಗ ಊಟಕ್ಕೆ ಕೂತಾಗ ಇಲಿ ಎಂದು ಬಾಯಿ ತುಂಬ ಹೇಳುತ್ತಾರೆ, ಏನೂ ಆಗಿಲ್ಲ. ಡಿಸೆಂಬರಿನಲ್ಲಿ ನೀವಿಬ್ಬರೂ ಧೈರ್ಯವಾಗಿ ಬರಬಹುದು.

ನಾನು ಹೇಳಬೇಕೆಂದದ್ದು ಆಸ್ಪತ್ರೆಯ ವಿಷಯ. ನೀನು ಒಳಗಿದ್ದೆ, ಹೊರಗೆ ಏನಾಯಿತು ಎಂದು ನಿನಗೆ ಗೊತ್ತಿಲ್ಲ. ನಾನೂ ಇಷ್ಟು ದಿನ ಬಾಯಿಬಿಡಲಿಲ್ಲ.

ಕೂಸು ಅತ್ತದ್ದು ಕೇಳಿಸಿದಾಗ ನಿನ್ನ ಅಮ್ಮ, ಧರ್ಮೇಶ ಇಬ್ಬರೂ ಬಾಗಿಲಿಗೆ ಓಡಿದರು. ನಾನು ಹಿಂದಕ್ಕೆ ಸರಿದು ಬೆಂಚಿನ ತುದಿಯಲ್ಲಿ ಗೋಡೆಗೆ ಒರಗಿ ನಿಂತೆ. ಎರಡು ತಿಂಗಳು ನಿನ್ನ ಬೆನ್ನು ನೀವಿದವಳೇ ನಾನು, ಆದರೂ ಆ ಹೊತ್ತಿಗೆ ಹಳೆಯ ಭಯ ಬಂದು ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡೆ. ದೂರದಿಂದ ಮುಖ ಕಂಡರೆ ಸಾಕು ಎಂದುಕೊಂಡೆ. ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ನಿನ್ನ ಅಮ್ಮ ಎರಡೂ ಕೈ ಚಾಚಿದರು. ಅವಳು ಕೊಡಲಿಲ್ಲ.

"ಸುಲೋಚನಮ್ಮ ಅಂದ್ರೆ ಯಾರ್ರೀ?" ಎಂದು ಕೇಳಿದಳು.

ಧರ್ಮೇಶ ನನ್ನ ಕಡೆ ತಿರುಗಿದ. ಏನೋ ಕೆಟ್ಟ ಸುದ್ದಿ ಎಂದು ನಾನು ಗೋಡೆಗೆ ಇನ್ನಷ್ಟು ಒತ್ತಿಕೊಂಡೆ.

"ನೀವೇ ಏನಮ್ಮಾ? ಅಷ್ಟು ದೂರ ಯಾಕ್ ನಿಂತಿದೀರ? ಬನ್ನಿ, ಕೈ ಹೊರ್ಗೆ ತೆಗೀರಿ. ಆವಮ್ಮ ನೋವು ತಿನ್ಕೊಂಡು ಒಂದೇ ಸಮ ನನ್ ತಲೆ ತಿಂದವ್ಳೆ. ಹುಟ್ಟಿದ್ ತಕ್ಷಣ ಮೊದ್ಲು ನಮ್ಮತ್ತೆ ಕೈಗೇ ಕೊಡ್ಬೇಕು, ಬೇರೆ ಯಾರ್ ಕೈಗೂ ಕೊಡಂಗಿಲ್ಲ ಅಂತ," ಎಂದಳು.

ಕೈ ಹೊರಗೆ ತೆಗೆದೆ ಗಗನಾ. ನಿನ್ನ ಮಗಳು ಬೆಚ್ಚಗಿದ್ದಳು.

ನಿನ್ನ ಅತ್ತೆ,
ಸುಲೋಚನಮ್ಮ